ಕೂಲ್‌ಹ್ಯಾಮ್ ಹೊಲದಿಂದ ಹಾರಿದ ಮೈಸೂರು ಸ್ಕ್ವಾಡ್ರನ್

ಗಂಡಭೇರುಂಡ ಮೈಸೂರಿನವರಿಗೆ ಹೊಸದೇನಲ್ಲ. ಅರಮನೆಯಲ್ಲಿ ಇದೆ, ಸರ್ಕಾರಿ ಆದೇಶದ ತಲೆಭಾಗದಲ್ಲಿ ಇದೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೂ ಇದೆ. ಇದೇ ಎರಡು ತಲೆಯ ಹಕ್ಕಿ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಒಂದು ಫೈಟರ್ ತುಕಡಿಯ ಲಾಂಛನವಾಗಿತ್ತು ಅನ್ನೋದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ತುಕಡಿಯ ಹೆಸರೇ ನಂ. 129 ಮೈಸೂರು ಸ್ಕ್ವಾಡ್ರನ್.

1944ರ ಬೇಸಿಗೆಯಲ್ಲಿ, ಯುರೋಪಿನ ಯುದ್ಧದ ದಿಕ್ಕೇ ಬದಲಾದ ವಾರಗಳಲ್ಲಿ, ಈ ತುಕಡಿ ಇದ್ದದ್ದು ದೊಡ್ಡ ಕಾಂಕ್ರೀಟ್ ನಿಲ್ದಾಣದಲ್ಲಲ್ಲ. ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಕೂಲ್‌ಹ್ಯಾಮ್ ಅನ್ನೋ ಹಳ್ಳಿಯ ಪಕ್ಕದ ಹೊಲಗಳಲ್ಲಿ. ಆ ಹೊಲಗಳು ಏರ್‌ಫೀಲ್ಡ್ ಆದವು, ಒಂದು ವರ್ಷ ತುಂಬುವ ಮೊದಲೇ ಮತ್ತೆ ಹೊಲಗಳಾದವು. ಅಷ್ಟು ಬೇಗ ಕಟ್ಟಿ, ಅಷ್ಟೇ ಬೇಗ ಬಿಚ್ಚಿದ ಜಾಗ ಯುದ್ಧದಲ್ಲಿ ಮಾಡಿದ ಕೆಲಸ ಏನು, ಅದರಲ್ಲಿ ಮೈಸೂರಿನ ಪಾಲು ಎಷ್ಟು ಅನ್ನೋದನ್ನು ನಾವು ತಿಳಿದುಕೊಳ್ಳಲೇಬೇಕು ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ.

ಮೊದಲು ಹೆಸರಿನ ವಿಚಾರ. 1940ರಲ್ಲಿ ಬ್ರಿಟನ್ನಿಗೆ ಯುದ್ಧವಿಮಾನ ಅರ್ಜೆಂಟಾಗಿ ಬೇಕಿತ್ತು. ಫ್ರಾನ್ಸ್ ಬಿದ್ದಿತ್ತು, ಜರ್ಮನಿಯ ಬಾಂಬರ್‌ಗಳು ಲಂಡನ್ನಿನ ಮೇಲೆ ಬರುತ್ತಿದ್ದವು. ಆಗ ಒಂದು ಚಂದಾ ಯೋಜನೆ ಬಂತು. ಯಾರು ಬೇಕಾದರೂ, ಊರೋ ಕಂಪನಿಯೋ ಸಂಸ್ಥಾನವೋ, 5,000 ಪೌಂಡ್ ಕೊಟ್ಟರೆ ಒಂದು ಸ್ಪಿಟ್‌ಫೈರ್ ವಿಮಾನಕ್ಕೆ ಅವರು ಹೇಳಿದ ಹೆಸರು ಬರೆಸುತ್ತಿದ್ದರು. ಅಂದಿನ ದರದಲ್ಲಿ ಅದು ಸುಮಾರು 66 ಸಾವಿರ ರೂಪಾಯಿ. ವಿಮಾನದ ನಿಜವಾದ ಖರ್ಚು ಅದಕ್ಕಿಂತ ಜಾಸ್ತಿಯೇ ಇತ್ತು. 5,000 ಅನ್ನೋದು ಜನರ ನಾಲಿಗೆ ಮೇಲೆ ನಿಲ್ಲಲಿ ಅಂತ ಇಟ್ಟ ದುಂಡು ಲೆಕ್ಕ. ದೊಡ್ಡ ಮೊತ್ತ ಕೊಟ್ಟವರಿಗೆ ಇಡೀ ಸ್ಕ್ವಾಡ್ರನ್ನಿನ ಹೆಸರೇ ಸಿಗುತ್ತಿತ್ತು. ಭಾರತದಿಂದ ಹೀಗೆ ಹೋದ ಹೆಸರುಗಳು ಹಲವು. 122 ಬಾಂಬೆ, 152 ಹೈದರಾಬಾದ್, 234 ಮದ್ರಾಸ್ ಪ್ರೆಸಿಡೆನ್ಸಿ. ಮೈಸೂರು ಸಂಸ್ಥಾನದ ಕೊಡುಗೆಗೆ ಸಿಕ್ಕಿದ್ದು 129. 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಈ ತುಕಡಿ ಶುರುವಾಯಿತು. ಬಾಲದ ಕಡೆ ಡಿ, ವಿ ಅನ್ನೋ ಎರಡು ಅಕ್ಷರ ಇದರ ಗುರುತು. ಲಾಂಛನ ನಮ್ಮ ಗಂಡಭೇರುಂಡ. ‘ನ್ಯಾಯವನ್ನು ಕಾಯುತ್ತೇನೆ’ ಅನ್ನೋ ಅರ್ಥದ ಧ್ಯೇಯವಾಕ್ಯ.

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. 21 ವರ್ಷದ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಂಸ್ಥಾನ ಬ್ರಿಟಿಷರ ಜತೆ ಒಪ್ಪಂದಕ್ಕೆ ಕಟ್ಟುಬಿದ್ದಿತ್ತು, ಯುದ್ಧಕ್ಕೆ ನೆರವು ಕೊಡುವುದು ಆ ಸಂಬಂಧದ ಒಂದು ಭಾಗ. ಆದರೆ ಸಂಸ್ಥಾನದ ಬೊಕ್ಕಸಕ್ಕೆ ಬರುತ್ತಿದ್ದದ್ದು ಕಂದಾಯದ ದುಡ್ಡು. ಕೊನೆಗೆ ಅದು ಮಂಡ್ಯದ ಕಬ್ಬಿನ ಗದ್ದೆಯಿಂದ, ಕೋಲಾರದ ಗಣಿಯಿಂದ, ರೇಷ್ಮೆ ಗೂಡಿನಿಂದ ಬಂದ ದುಡ್ಡೇ ಅಲ್ವಾ?

ಅದೇ ಜನ ಆಗ ಏನು ಮಾಡುತ್ತಿದ್ದರು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1938ರಲ್ಲೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಶಿವಮೊಗ್ಗದ ಈಸೂರು ತಾನು ಸ್ವತಂತ್ರ ಅಂತ ಸಾರಿಕೊಂಡಿತು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಈಸೂರು ಇದ್ದದ್ದೂ ಮೈಸೂರು ಸಂಸ್ಥಾನದಲ್ಲೇ. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಮೈಸೂರಿನ ಹೆಸರು ಹೊತ್ತ ಸ್ಪಿಟ್‌ಫೈರ್‌ಗಳು ಹಾರುತ್ತಿದ್ದವು. ಹಿಟ್ಲರನ ಸೇನೆಯನ್ನು ಸೋಲಿಸಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಈಸೂರಿನವರು ಕೇಳಿದ್ದೂ ನ್ಯಾಯವೇ. ಹಾಗಾಗಿ ಈ ಸ್ಕ್ವಾಡ್ರನ್ನಿನ ಕಥೆಯನ್ನು ಬರೀ ಹೆಮ್ಮೆಯಿಂದ ಹೇಳಿ ಮುಗಿಸೋಕೆ ನನಗೆ ಮನಸ್ಸು ಬರುವುದಿಲ್ಲ. ಹಾಗಂತ ನಮಗೆ ಸಂಬಂಧವಿಲ್ಲ ಅಂತ ಬಿಟ್ಟುಬಿಡುವುದೂ ಸರಿಯಲ್ಲ.

ಇನ್ನು ಏರ್‌ಫೀಲ್ಡಿಗೆ ಬರೋಣ. 1943ರ ಹೊತ್ತಿಗೆ ಮಿತ್ರರಾಷ್ಟ್ರಗಳು ಸಮುದ್ರ ದಾಟಿ ಫ್ರಾನ್ಸಿಗೆ ಇಳಿಯುವ ಯೋಜನೆ ಹಾಕುತ್ತಿದ್ದವು. ದಡಕ್ಕೆ ಇಳಿಯುವ ಸೈನಿಕರ ತಲೆಯ ಮೇಲೆ ಬೆಳಗಿಂದ ಸಂಜೆವರೆಗೆ ತಮ್ಮ ಫೈಟರ್‌ಗಳು ಇರಲೇಬೇಕು. ಇಲ್ಲಿ ಒಂದು ತೊಡಕಿತ್ತು. ಸ್ಪಿಟ್‌ಫೈರ್‌ನಂಥ ಫೈಟರ್ ಚಿಕ್ಕ ವಿಮಾನ, ಪೆಟ್ರೋಲ್ ಹಿಡಿಸುವುದು ಕಮ್ಮಿ. ದೂರದಿಂದ ಹೊರಟರೆ ಅರ್ಧ ಪೆಟ್ರೋಲ್ ಹೋಗಿ ಬರುವುದರಲ್ಲೇ ಮುಗಿಯುತ್ತದೆ, ಕಾವಲು ಕಾಯಲು ಉಳಿಯುವುದು ಕೆಲವೇ ನಿಮಿಷ. ಆದ್ದರಿಂದ ವಿಮಾನಗಳನ್ನು ಸಮುದ್ರದ ಅಂಚಿಗೆ ತರಬೇಕು. ಆದರೆ ದಕ್ಷಿಣ ಕರಾವಳಿಯಲ್ಲಿ ಇದ್ದ ಪಕ್ಕಾ ನಿಲ್ದಾಣಗಳು ಸಾಲುತ್ತಿರಲಿಲ್ಲ. ಹೊಸದಾಗಿ ಕಾಂಕ್ರೀಟ್ ಹಾಕಿ ಕಟ್ಟೋಣ ಅಂದರೆ ಸಮಯವೂ ಇಲ್ಲ, ಸಿಮೆಂಟೂ ಇಲ್ಲ, ಆಳುಗಳೂ ಇಲ್ಲ.

ಅದಕ್ಕೆ ಕಂಡುಕೊಂಡ ದಾರಿಯೇ ಅಡ್ವಾನ್ಸ್ಡ್ ಲ್ಯಾಂಡಿಂಗ್ ಗ್ರೌಂಡ್, ಚಿಕ್ಕದಾಗಿ ಎಎಲ್‌ಜಿ. ಕೆಂಟ್, ಸಸೆಕ್ಸ್, ಹ್ಯಾಂಪ್‌ಷೈರ್ ಸೀಮೆಗಳಲ್ಲಿ ಆದಷ್ಟು ಸಮತಟ್ಟಾದ ಹೊಲಗಳನ್ನು ಹುಡುಕಿ, ಯುದ್ಧಕಾಲದ ಕಾನೂನಿನಡಿ ಸರ್ಕಾರ ಅವನ್ನು ವಶಕ್ಕೆ ತೆಗೆದುಕೊಂಡಿತು. ಬೇಲಿಸಾಲು ಕಿತ್ತರು, ಮರ ಕಡಿದರು, ಚರಂಡಿ ಮುಚ್ಚಿದರು. ಅಡ್ಡ ಬಂದ ಕಟ್ಟಡಗಳೂ ಕೆಲವು ಕಡೆ ಹೋದವು. ಎರಡು ರನ್‌ವೇ, ಒಂದನ್ನೊಂದು ಕತ್ತರಿಸುವಂತೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದಲ್ಲ ಒಂದು ರನ್‌ವೇ ಕೆಲಸಕ್ಕೆ ಬರಲಿ ಅಂತ. ಸಾಮಾನ್ಯವಾಗಿ ದೊಡ್ಡ ರನ್‌ವೇ ಒಂದೂವರೆ ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ ಇರುತ್ತಿತ್ತು. ಮೈಸೂರಿನ ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ಇವತ್ತಿನ ರನ್‌ವೇ 1,740 ಮೀಟರ್ ಇದೆ, ಅದಕ್ಕಿಂತಲೂ ಚಿಕ್ಕದು.

ಬರೀ ಮಣ್ಣಿನ ಮೇಲೆ ವಿಮಾನ ಇಳಿಸಿದರೆ ಇಂಗ್ಲೆಂಡಿನ ಮಳೆಗೆ ಚಕ್ರ ಹೂತುಹೋಗುತ್ತದೆ. ಇದಕ್ಕೆ ಬಳಸಿದ್ದು ಸೊಮರ್‌ಫೆಲ್ಡ್ ಟ್ರ್ಯಾಕ್ ಅನ್ನೋ ಉಕ್ಕಿನ ಬಲೆ. ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಕರ್ಟ್ ಸೊಮರ್‌ಫೆಲ್ಡ್ ಅನ್ನೋ ಎಂಜಿನಿಯರ್ ಮಾಡಿದ್ದು ಅದನ್ನು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯೇ, ಆದರೆ ದಪ್ಪದ್ದು. ಪ್ರತಿ 8 ಇಂಚಿಗೊಂದು ಉಕ್ಕಿನ ಸರಳು ಅಡ್ಡಲಾಗಿ ಸೇರಿಸಿರುತ್ತಾರೆ. ಒಂದೊಂದು ಸುರುಳಿ ಸುಮಾರು 3.25 ಮೀಟರ್ ಅಗಲ, 23 ಮೀಟರ್ ಉದ್ದ. ಲಾರಿಯಿಂದ ಇಳಿಸಿ ಚಾಪೆಯ ಹಾಗೆ ಬಿಚ್ಚುತ್ತಾ ಹೋಗುವುದು, ಪಕ್ಕದ ಸುರುಳಿಗೆ ಕೂಡಿಸುವುದು, ಬಿಗಿಯಾಗಿ ಎಳೆದು ಅಂಚಿಗೆ ಗೂಟ ಹೊಡೆಯುವುದು. ಹುಲ್ಲು ಬಲೆಯ ಕಣ್ಣುಗಳೊಳಗಿಂದ ಮೇಲೆ ಬೆಳೆದು ಬೇರು ಹಿಡಿದುಕೊಂಡರೆ ಇನ್ನೂ ಗಟ್ಟಿ. ಮೇಲಿನಿಂದ ನೋಡುವ ಶತ್ರುವಿನ ಕಣ್ಣಿಗೆ ಅದು ಹುಲ್ಲುಗಾವಲೇ. ಆದರೆ ವಿಮಾನದ ಭಾರಕ್ಕೆ ಬಲೆ ಸರಿಯುತ್ತಿತ್ತು, ಅಲ್ಲಲ್ಲಿ ಉಬ್ಬುತ್ತಿತ್ತು, ಕಿತ್ತ ತಂತಿ ಟೈರಿಗೆ ಸಿಕ್ಕಿಕೊಳ್ಳುತ್ತಿತ್ತು. ದಿನವೂ ನೋಡಿ ರಿಪೇರಿ ಮಾಡುವವರು ಇರಲೇಬೇಕಿತ್ತು.

ಡಿ-ಡೇ, ಅಂದರೆ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಸೈನ್ಯ ಇಳಿದ ದಿನದ ಹೊತ್ತಿಗೆ ಇಂಥ 23 ಎಎಲ್‌ಜಿಗಳು ಸಿದ್ಧವಾಗಿದ್ದವು. ಕೂಲ್‌ಹ್ಯಾಮ್ ಅವುಗಳಲ್ಲೊಂದು. ಅಲ್ಲಿಂದ ಸಮುದ್ರಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಮೈಸೂರಿನಿಂದ ನಂಜನಗೂಡು ಇದ್ದಷ್ಟು ದೂರ. ಸಮುದ್ರ ದಾಟಿ ನಾರ್ಮಂಡಿ ದಡಕ್ಕೆ ಇನ್ನೂರು ಕಿಲೋಮೀಟರ್‌ಗಿಂತ ಕಮ್ಮಿ.

1944ರ ಏಪ್ರಿಲ್ ಮೊದಲ ವಾರ ಮೈಸೂರು ಸ್ಕ್ವಾಡ್ರನ್ ಕೂಲ್‌ಹ್ಯಾಮ್‌ಗೆ ಬಂತು. ಆ ಹೊತ್ತಿಗೆ ಅದು ಹಳೇ ತುಕಡಿ. 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಹಾರಿತ್ತು. ಸ್ಪಿಟ್‌ಫೈರ್ ಬಿಟ್ಟು ಆಗಷ್ಟೇ ಮಸ್ಟ್ಯಾಂಗ್-3 ವಿಮಾನಕ್ಕೆ ಬದಲಾಗಿತ್ತು. ಮಸ್ಟ್ಯಾಂಗ್ ಅಮೆರಿಕದಲ್ಲಿ ತಯಾರಾದದ್ದು, ಒಳಗಿದ್ದದ್ದು ಬ್ರಿಟಿಷ್ ವಿನ್ಯಾಸದ ಮರ್ಲಿನ್ ಎಂಜಿನ್. ಗಂಟೆಗೆ 700 ಕಿಲೋಮೀಟರ್ ಹತ್ತಿರದ ವೇಗ. ರೆಕ್ಕೆಗಳಲ್ಲಿ ನಾಲ್ಕು ಮೆಷಿನ್ ಗನ್. ಸ್ಪಿಟ್‌ಫೈರ್‌ಗಿಂತ ಎಷ್ಟೋ ದೂರ ಹೋಗಿ ಬರುತ್ತಿತ್ತು. ರೆಕ್ಕೆಯಡಿ ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡರೆ ಇನ್ನೂ ದೂರ. ಬೇಕಾದರೆ ಅದೇ ಜಾಗದಲ್ಲಿ ಬಾಂಬ್.

ಕೂಲ್‌ಹ್ಯಾಮ್‌ನಲ್ಲಿ ಮೈಸೂರು ಸ್ಕ್ವಾಡ್ರನ್ ಜತೆ ಇನ್ನೆರಡು ತುಕಡಿಗಳಿದ್ದವು. 306 ಮತ್ತು 315, ಎರಡೂ ಪೋಲೆಂಡಿನವರದ್ದು. ಮೂರೂ ತುಕಡಿ ಸೇರಿದ ದೊಡ್ಡ ಘಟಕದ ಹೆಸರು 133 ವಿಂಗ್. ಮುಖ್ಯಸ್ಥ ಸ್ಟಾನಿಸ್ಲಾವ್ ಸ್ಕಾಲ್ಸ್ಕಿ, ಪೋಲೆಂಡಿನ ಅತಿ ದೊಡ್ಡ ಫೈಟರ್ ಪೈಲಟ್‌ಗಳಲ್ಲಿ ಒಬ್ಬ. ಈ ಪೋಲಿಷ್ ಹುಡುಗರ ದೇಶವನ್ನು 1939ರಲ್ಲಿ ಒಂದು ಕಡೆಯಿಂದ ಜರ್ಮನಿ, ಇನ್ನೊಂದು ಕಡೆಯಿಂದ ಸೋವಿಯತ್ ಒಕ್ಕೂಟ ನುಂಗಿದ್ದವು. ಹೇಗೋ ತಪ್ಪಿಸಿಕೊಂಡು ದೇಶದೇಶ ದಾಟಿ ಬಂದು ಬ್ರಿಟನ್ನಿನ ವಿಮಾನ ಹಾರಿಸುತ್ತಿದ್ದರು. ಸ್ಕಾಲ್ಸ್ಕಿ ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಮರಳಿದ. 1948ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಅವನನ್ನು ಗೂಢಚಾರ ಅಂತ ಹಿಡಿದು ಜೈಲಿಗೆ ಹಾಕಿತು, ಮರಣದಂಡನೆಯನ್ನೂ ವಿಧಿಸಿತು. ಅದು ಜಾರಿಯಾಗಲಿಲ್ಲ. 1956ರಲ್ಲಿ ಹೊರಗೆ ಬಂದ. ಕಳೆದುಕೊಂಡ ದೇಶದ ಪೈಲಟ್‌ಗಳೂ, ಇನ್ನೂ ಸ್ವಾತಂತ್ರ್ಯ ಸಿಗದ ದೇಶದ ಒಂದು ಸಂಸ್ಥಾನದ ಹೆಸರೂ ಒಂದೇ ಹೊಲದಲ್ಲಿ ಅಕ್ಕಪಕ್ಕ ಇದ್ದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಲ್ಲಿ ಎಲ್ಲರೂ ಟೆಂಟಿನಲ್ಲೇ ಇರುತ್ತಿದ್ದರು. ಪೈಲಟ್, ಫಿಟ್ಟರ್, ಅಡುಗೆಯವರು, ಗನ್ನಿಗೆ ಗುಂಡು ತುಂಬುವವರು, ಯಾರಿಗೂ ಬೇರೆ ವ್ಯವಸ್ಥೆ ಇರಲಿಲ್ಲ. ವರ್ಕ್‌ಶಾಪ್ ಲಾರಿಯಲ್ಲಿ, ಪೆಟ್ರೋಲ್ ಟ್ಯಾಂಕೂ ಲಾರಿಯಲ್ಲಿ. ಇದು ಬರೀ ಬಡತನದ ವ್ಯವಸ್ಥೆಯಲ್ಲ. ಫ್ರಾನ್ಸಿನಲ್ಲಿ ಜಾಗ ಗೆದ್ದ ಕೂಡಲೇ ಇಡೀ ವಿಂಗ್ ಗಂಟುಮೂಟೆ ಕಟ್ಟಿಕೊಂಡು ಅಲ್ಲಿನ ಹೊಲಗಳಿಗೆ ಹೋಗಬೇಕಿತ್ತು. ಅದಕ್ಕೆ ಬೇಕಾದ ಅಭ್ಯಾಸ ಇಂಗ್ಲೆಂಡಿನ ಹೊಲದಲ್ಲೇ ಆಗಲಿ ಅನ್ನೋದು ಲೆಕ್ಕ. ಎಎಲ್‌ಜಿಯನ್ನು ಅರ್ಥ ಮಾಡಿಕೊಳ್ಳಲು ಮುಖ್ಯವಾದ ಅಂಶ ಇದೇ. ವಿಮಾನಗಳೂ ಜನರೂ ಸಾಮಾನೂ ಸೇರಿ ಒಂದು ಘಟಕ. ನೆಲ ಯಾವುದಾದರೂ ಆದೀತು.

ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಉತ್ತರ ಫ್ರಾನ್ಸಿನ ರೈಲು ಯಾರ್ಡ್, ಸೇತುವೆ, ಏರ್‌ಫೀಲ್ಡ್‌ಗಳ ಮೇಲೆ ದಾಳಿ, ಬಾಂಬರ್‌ಗಳಿಗೆ ಬೆಂಗಾವಲು. ಜೂನ್ ಮೊದಲ ವಾರ ಎಲ್ಲ ವಿಮಾನಗಳ ರೆಕ್ಕೆಗೂ ಹಿಂಭಾಗಕ್ಕೂ ಕಪ್ಪು ಬಿಳಿ ಪಟ್ಟೆ ಬಳಿಯಲು ಆದೇಶ ಬಂತು. ಮೂರು ಬಿಳಿ, ನಡುವೆ ಎರಡು ಕಪ್ಪು. ಸಾವಿರಾರು ವಿಮಾನ ಒಂದೇ ಆಕಾಶದಲ್ಲಿ ಇರುವಾಗ ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯಬಾರದು ಅಂತ. ಎಷ್ಟೋ ಕಡೆ ಅವಸರದಲ್ಲಿ ಕೈಯಿಂದಲೇ, ಸಾಧಾರಣ ಬ್ರಷ್‌ನಲ್ಲೇ ಬಳಿದರು. ಹಳೆಯ ಫೋಟೋಗಳಲ್ಲಿ ಪಟ್ಟೆಗಳ ಅಂಚು ಸೊಟ್ಟಪಟ್ಟ ಕಾಣುವುದು ಅದಕ್ಕೇ. ಜೂನ್ 6ರಂದು ನಾರ್ಮಂಡಿ ದಡಕ್ಕೆ ಸೈನ್ಯ ಇಳಿಯಿತು. ಕೂಲ್‌ಹ್ಯಾಮ್‌ನ ಮಸ್ಟ್ಯಾಂಗ್‌ಗಳು ಆ ದಿನವೂ ನಂತರದ ದಿನಗಳಲ್ಲೂ ಸಮುದ್ರದ ಆಚೆ ಈಚೆ ಹಾರುತ್ತಲೇ ಇದ್ದವು. ಜರ್ಮನ್ ಸೇನೆಯ ಲಾರಿಗಳು, ಟ್ಯಾಂಕುಗಳು ದಡದ ಕಡೆ ಬರದಂತೆ ರಸ್ತೆಗಳ ಮೇಲೇ ತಡೆಯುವುದು ಅವುಗಳ ಕೆಲಸ. ಇಷ್ಟು ಕೆಳಗೆ ಹಾರಿ ದಾಳಿ ಮಾಡುವಾಗ ನೆಲದ ಮೇಲಿನ ಗನ್ನುಗಳಿಗೆ ಸಿಕ್ಕಿ ಸತ್ತವರು ಮೂರೂ ತುಕಡಿಗಳಲ್ಲಿ ಇದ್ದರು.

ಜೂನ್ 22ಕ್ಕೆ ವಿಂಗ್ ಕೂಲ್‌ಹ್ಯಾಮ್ ಬಿಟ್ಟಿತು. ಫ್ರಾನ್ಸಿಗೆ ಹೋಗಲು ತಯಾರಾಗಿದ್ದ ಈ ಜನ ಹೋಗಲೇ ಇಲ್ಲ. ಕಾರಣ ವಿ-1. ಜೂನ್ 13ರಿಂದ ಜರ್ಮನಿ ಲಂಡನ್ನಿನ ಮೇಲೆ ಪೈಲಟ್ ಇಲ್ಲದ ಹಾರುವ ಬಾಂಬುಗಳನ್ನು ಬಿಡತೊಡಗಿತ್ತು. ತಲೆಯಲ್ಲಿ 850 ಕಿಲೋ ಸ್ಫೋಟಕ, ಗಂಟೆಗೆ ಸುಮಾರು 640 ಕಿಲೋಮೀಟರ್ ವೇಗ. ಅದರ ಬೆನ್ನು ಹತ್ತಿ ಹಿಡಿಯುವ ವಿಮಾನಗಳು ಬ್ರಿಟನ್ನಿನ ಹತ್ತಿರ ಕೆಲವೇ ಮಾದರಿ ಇದ್ದವು, ಮಸ್ಟ್ಯಾಂಗ್-3 ಅದರಲ್ಲಿ ಒಂದು. ಜುಲೈನಲ್ಲಿ ಮೈಸೂರು ಸ್ಕ್ವಾಡ್ರನ್ ಕೆಂಟ್ ಸೀಮೆಯ ಬ್ರೆನ್‌ಜೆಟ್‌ಗೆ ಬಂತು. ಅದೂ ಒಂದು ಎಎಲ್‌ಜಿ, ರಾಮ್ನಿ ಮಾರ್ಷ್ ಅನ್ನೋ ತಗ್ಗು ಬಯಲಿನಲ್ಲಿ, ಬಾಂಬುಗಳು ಹಾದುಹೋಗುವ ದಾರಿಯಲ್ಲೇ.

ವಿ-1 ಹೊಡೆಯುವುದು ಜೀವದ ಮೇಲಿನ ಕೆಲಸ. ದೂರದಿಂದ ಹೊಡೆದರೆ ಗುರಿ ತಪ್ಪುತ್ತದೆ, ಏಕೆಂದರೆ ಅದು ಚಿಕ್ಕದು. ಹತ್ತಿರದಿಂದ ಹೊಡೆದರೆ ಸ್ಫೋಟದೊಳಗೇ ಹಾರಬೇಕಾಗುತ್ತದೆ. ಕೆಲವು ಪೈಲಟ್‌ಗಳು ಗುಂಡು ಮುಗಿದಾಗ ತಮ್ಮ ರೆಕ್ಕೆಯನ್ನು ಅದರ ರೆಕ್ಕೆಯಡಿ ತಂದು ಗಾಳಿಯ ಒತ್ತಡದಿಂದಲೇ ಎತ್ತುತ್ತಿದ್ದರು. ಒಳಗೆ ದಿಕ್ಕು ಕಾಯುವ ಗೈರೋ ಅನ್ನೋ ಯಂತ್ರ ತಪ್ಪಿ ಬಾಂಬು ಹೊಲಕ್ಕೆ ಬೀಳುತ್ತಿತ್ತು. ವೇಗ ಇನ್ನೂ ಬೇಕು ಅಂತ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಕೊಟ್ಟರು. ಎಂಜಿನ್ನಿಗೆ ಅದರಿಂದ ಬೀಳುವ ಹೊರೆ ವಿಪರೀತ. ಆ ಬೇಸಿಗೆ ಮೈಸೂರು ಸ್ಕ್ವಾಡ್ರನ್ ಹತ್ತಾರು ವಿ-1ಗಳನ್ನು ಬೀಳಿಸಿತು. ಅವುಗಳಲ್ಲಿ ಎಷ್ಟೋ ಲಂಡನ್ನಿನ ಮನೆಗಳ ಮೇಲೆ ಬೀಳಬೇಕಾಗಿದ್ದವು. ಈ ಸ್ಕ್ವಾಡ್ರನ್ನಿನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಮಲಗಿದ್ದ ಜನರನ್ನು ಉಳಿಸಿದ ಕೆಲಸ ಅದು.

ಅಷ್ಟರಲ್ಲಿ ಕೂಲ್‌ಹ್ಯಾಮ್‌ನ ಅಗತ್ಯ ಮುಗಿದಿತ್ತು. ಬೇರೆ ಸ್ಪಿಟ್‌ಫೈರ್ ತುಕಡಿಗಳು ಜುಲೈವರೆಗೆ ಕೆಲವು ದಿನ ಇದ್ದು ಹೋದವು. ಯುದ್ಧ ಫ್ರಾನ್ಸಿನೊಳಗೆ ಮುಂದೆ ಮುಂದೆ ಸಾಗಿದಂತೆ ಫೈಟರ್‌ಗಳೂ ಅಲ್ಲಿಗೇ ಹೋದವು. 1945ರ ಜನವರಿಯಲ್ಲಿ ನಿಲ್ದಾಣ ಮುಚ್ಚಿ ಜಮೀನನ್ನು ಬಿಟ್ಟುಕೊಟ್ಟರು. ಬಲೆ ಕಿತ್ತು ಸುತ್ತಿಕೊಂಡು ಹೋದರು. ಇಂಥ ಹಲವು ಕಡೆ ಉಳಿದ ತುಂಡುಗಳನ್ನು ರೈತರು ಬೇಲಿಗೆ ಬಳಸಿಕೊಂಡರು. ಕೂಲ್‌ಹ್ಯಾಮ್‌ನಲ್ಲಿ ಈಗ ಸ್ಮಾರಕ ಇದೆ, ಅಲ್ಲಿಂದ ಹಾರಿ ತೀರಿಕೊಂಡ ಪೈಲಟ್‌ಗಳ ನೆನಪಿಗೆ ನೆಟ್ಟ ಮರಗಳೂ ಇವೆ.

ಇದೇ ಯುದ್ಧಕಾಲದಲ್ಲಿ ಮೈಸೂರು ಸಂಸ್ಥಾನ ತನ್ನ ನೆಲದಲ್ಲೂ ವಿಮಾನಕ್ಕೆ ಜಾಗ ಮಾಡುತ್ತಿತ್ತು. ಮಂಡಕಳ್ಳಿಯ ನಿಲ್ದಾಣ ಒಡೆಯರ ಕಾಲದ್ದೇ, 1940ರದ್ದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹೂಡಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಮುಂದೆ ನಿಂತು ಮಾಡಿಸಿದ ಕೆಲಸ ಅದು. 1943ರಲ್ಲಿ ಆ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆ ವಿಮಾನ ರಿಪೇರಿಗೆ ಬಳಸತೊಡಗಿತು. ಯುದ್ಧ ಮುಗಿದ ಮೇಲೂ ಅದು ಬೆಳೆಯಿತು, ಇವತ್ತಿನ ಎಚ್‌ಎಎಲ್ ಅದೇ.

ಮಂಡಕಳ್ಳಿಯ ಹಾದಿ ಇಷ್ಟು ನೇರವಾಗಿರಲಿಲ್ಲ. 1985ರಲ್ಲಿ ವಾಯುದೂತ್ ವಿಮಾನ ಶುರುವಾಗಿ 1990ರಲ್ಲಿ ನಿಂತಿತು. 2010ರಲ್ಲಿ ಹೊಸ ಟರ್ಮಿನಲ್ ಬಂತು, ಹಾರಾಟ ಮತ್ತೆ ಶುರುವಾಯಿತು. ನಂಜನಗೂಡು ರಸ್ತೆಯಲ್ಲಿ ಹೋಗುವಾಗ ತಲೆಯ ಮೇಲೇ ಎಟಿಆರ್ ಅನ್ನೋ ಚಿಕ್ಕ ಪ್ರಯಾಣಿಕ ವಿಮಾನ ಇಳಿಯುವುದು ಕಾಣುತ್ತದೆ. ರನ್‌ವೇ ಉದ್ದ ಮಾಡಬೇಕು ಅನ್ನೋ ಮಾತು ವರ್ಷಗಳಿಂದ ನಡೆದಿದೆ. ಒಂದು ಕಡೆ ಹೆದ್ದಾರಿ, ಉಳಿದ ಕಡೆ ರೈತರ ಜಮೀನು. ಕೂಲ್‌ಹ್ಯಾಮ್ ರೈತರಿಗೆ ಜಮೀನು ಯುದ್ಧ ಮುಗಿಯುವ ಮೊದಲೇ ವಾಪಸ್ ಬಂತು. ಪಕ್ಕಾ ವಿಮಾನ ನಿಲ್ದಾಣಕ್ಕೆ ಕೊಟ್ಟ ಜಮೀನು ಹಾಗೆ ವಾಪಸ್ ಬರುವುದಿಲ್ಲ. ಅದಕ್ಕೇ ಇಲ್ಲಿ ಪರಿಹಾರದ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ, ಮುಗಿಯಲೂಬಾರದು.

ಮೈಸೂರು ಸ್ಕ್ವಾಡ್ರನ್ ಯುದ್ಧ ಮುಗಿದ ಮೇಲೆ ಸ್ವಲ್ಪ ದಿನ ನಾರ್ವೆಯಲ್ಲಿತ್ತು. 1946ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಬೇರೆ ನಂಬರ್ ಕೊಟ್ಟು 257 ಅಂತ ಮಾಡಿದರು. ಬ್ರಿಟನ್ನಿನ ವಾಯುಪಡೆಯಲ್ಲಿ ಮೈಸೂರಿನ ಹೆಸರು ಅಲ್ಲಿಗೆ ಮುಗಿಯಿತು. ಆದರೆ ಪ್ರತಿ ಸ್ಕ್ವಾಡ್ರನ್ನೂ ದಿನದಿನ ಬರೆದಿಡುತ್ತಿದ್ದ ದಾಖಲೆ ಪುಸ್ತಕ ಇದೆ. ಯಾವ ಪೈಲಟ್, ಯಾವ ವಿಮಾನ, ಎಷ್ಟು ಗಂಟೆಗೆ ಏರಿದ್ದು, ಎಷ್ಟು ಗಂಟೆಗೆ ಇಳಿದದ್ದು ಅಂತ ಅದರಲ್ಲಿ ಟೈಪ್ ಮಾಡಿರುತ್ತಾರೆ. ಅವೆಲ್ಲ ಲಂಡನ್ನಿನ ಕ್ಯೂ ಅನ್ನೋ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಏರ್ 27 ಅನ್ನೋ ಸರಣಿಯಲ್ಲಿವೆ, ಯಾರು ಬೇಕಾದರೂ ನೋಡಬಹುದು. ಮೈಸೂರಿನಲ್ಲಿ ಇತಿಹಾಸ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಕೈಗೆತ್ತಿಕೊಳ್ಳಲಿ. ಆ ಪುಟಗಳ ಜತೆಗೆ ಸಂಸ್ಥಾನದ ಕಾಲದ ಬಜೆಟ್ಟನ್ನೂ ಆಡಳಿತ ವರದಿಗಳನ್ನೂ ಇಟ್ಟು ಓದಿದರೆ, ಒಂದೊಂದು ಮಸ್ಟ್ಯಾಂಗ್ ಏರಿದ ಹೊತ್ತಿನಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಏನಾಗುತ್ತಿತ್ತು ಅನ್ನೋದನ್ನೂ ಒಟ್ಟಿಗೇ ಬರೆಯಬಹುದು.